ಪಲ್ಲವಿಯ ಮೂಗಿನ ಗುಳ್ಳೆಗೆ ನಾನು ಮಾಡಿದ ಚಿಕಿತ್ಸೆ

ಕನ್ನಡ, ತೆಲುಗು ಎರಡೂ ಆಡುವ ಗಡಿಯೂರು ಮಕ್ತಲ್‌ನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ ಇದೆ. ಶ್ರಾವಣ ಬಂತೆಂದರೆ ಸುತ್ತಲಿನ ಹಳ್ಳಿಗಳ ರೈತರು ಹತ್ತಿಯ ಎಲೆ, ತೊಗರಿಯ ಎಲೆ ಕಿತ್ತು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಹರವುತ್ತಾರೆ. ನಾನು ಭೂತಗನ್ನಡಿ ಹಿಡಿದು, ಒಂದು ಕಣ್ಣು ಮುಚ್ಚಿ, "ಹ್ಞೂಂ" ಎನ್ನುತ್ತೇನೆ. ಆ ಹ್ಞೂಂ ಬಹಳ ಮುಖ್ಯ. ಎದುರಿಗಿದ್ದವನಿಗೆ ಅರ್ಧ ನಂಬಿಕೆ ಅದರಿಂದಲೇ ಹುಟ್ಟುತ್ತದೆ. ಆಮೇಲೆ ರೋಗದ ಹೆಸರು ಹೇಳಿ, ಡಬ್ಬಿ ತೆಗೆದು ಕೊಡುತ್ತೇನೆ. ಬೆಳೆ ಬದುಕಿದರೆ ನನ್ನ ಔಷಧದಿಂದ, ಸತ್ತರೆ ಮಳೆಯಿಂದ!

ಹೀಗೆ ಚುಕ್ಕೆ ನೋಡಿ ತೀರ್ಪು ಕೊಡುತ್ತಲೇ ತಲೆ ನರೆಸಿಕೊಂಡ ನನಗೆ, ಹೆತ್ತ ಮಗಳ ಮೂಗಿನ ಕೆಳಗೆ ಎದ್ದ ಒಂದು ಗುಳ್ಳೆ ಯಾವ ಲೆಕ್ಕ?

ಒಂದು ಬೆಳಿಗ್ಗೆ ಮಗಳು ಪಲ್ಲವಿಗೆ ಜಡೆ ಹಾಕುತ್ತಿದ್ದ ನನ್ನ ಹೆಂಡತಿ ಗಿರಿಜಾ ಕೂಗಿದಳು.

"ರೀ, ಸ್ವಲ್ಪ ಇಲ್ಲಿ ಬರ್ರಿ. ಈಕಿ ಮೂಗಿನ ಕೆಳಗ ಏನೋ ಎದ್ದೈತಿ ನೋಡ್ರಿ."

ಪಲ್ಲವಿ ಆಗ ಒಂದನೇ ತರಗತಿ. ನೆಗಡಿಯಾಗಿ ಮೂಗು ಸೋರುತ್ತಿತ್ತು. ಅಲ್ಲೇ ಸೊಳ್ಳೆಯೂ ಕಚ್ಚಿತ್ತು. ಕೆರೆಯಬೇಡ ಎಂದಷ್ಟೂ ಅವಳು ಕೆರೆದುಕೊಂಡಿದ್ದಳು. ಮೊದಲು ಕೆಂಪು ಚುಕ್ಕೆ ಇದ್ದದ್ದು ನೀರುಗುಳ್ಳೆಯಾಗಿ, ಒಡೆದು, ಈಗ ಅದರ ಮೇಲೆ ಜೇನುತುಪ್ಪ ಸುರಿದು ಒಣಗಿಸಿದಂತೆ ಹಳದಿ ಹಕ್ಕಳೆ ಕಟ್ಟಿತ್ತು.

ನಾನು ಅಂಗಡಿಯ ಭೂತಗನ್ನಡಿಯನ್ನೇ ತಂದೆ. ಒಂದು ಕಣ್ಣು ಮುಚ್ಚಿದೆ.

"ಹ್ಞೂಂ."

"ಹ್ಞೂಂ ಅಂದ್ರ ಏನ್ರೀ?"

"ಫಂಗಸ್. ಬೂಷ್ಟು. ದುಂಡಗ ಐತಿ, ಅಂಚು ಕೆಂಪೈತಿ. ಎಲಿ ಮ್ಯಾಲ ಬಂದಾಗೂ ಹಿಂಗೇ ಇರ್ತೈತಿ."

"ಇದು ಎಲಿ ಅಲ್ಲರಿ, ಕೂಸಿನ ಮಾರಿ! ಸಂಜಿಗೆ ಡಾಕ್ಟರ್ ಕಡೆ ಹೋಗಿ ಬರೋಣು."

"ಒಂದು ಗುಳ್ಳಿಗೆ ಡಾಕ್ಟರಾ? ಮದುವಿ ಕೆಲಸ ಎಷ್ಟು ಬಿದ್ದಾವ, ಅದನ್ನ ನೋಡು. ಇದು ನನಗ ಬಿಡು."

ಮದುವೆ ಎಂದರೆ ಗಿರಿಜಾಳ ಒಬ್ಬನೇ ತಮ್ಮ ಶಿವರಾಜನದು. ಗದ್ವಾಲದಲ್ಲಿ, ಆ ಶ್ರಾವಣದಲ್ಲೇ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು. ತನಗೊಂದು ಗದ್ವಾಲ ಸೀರೆ, ಪಲ್ಲವಿಗೆ ಅದೇ ಅಂಚಿನ ಲಂಗ ಎಂದು ವರ್ಷದಿಂದ ಕನಸು ಕಂಡಿದ್ದಳು. ಲಂಗ ಹೊಲಿಯಲು ಪಕ್ಕದ ಮನೆಯ ಶಮೀಮ್ ಆಪಾಗೆ ಕೊಟ್ಟೂ ಆಗಿತ್ತು. ಇಂಥ ಮನೆಯಲ್ಲಿ ಆಸ್ಪತ್ರೆಯ ಮಾತು ಯಾಕೆ ಎಂಬುದು ನನ್ನ ಉದಾತ್ತ ವಿಚಾರ.

ನೇರವಾಗಿ ಔಷಧದ ಅಂಗಡಿಗೆ ಹೋದೆ.

"ಗಜಕರ್ಣದ ಮುಲಾಮು ಕೊಡಪಾ. ಜೋರ್ ಇರೋದು ಕೊಡು."

"ಯಾರಿಗೆ ಅಣ್ಣಾ?"

"ನಮ್ಮ ಕೂಸಿಗೆ. ಮೂಗಿನ ಕೆಳಗ."

"ಮುಖಕ್ಕಾ? ಅಣ್ಣಾ, ಒಂದ್ಸಾರಿ ಡಾಕ್ಟರಿಗೆ ತೋರಿಸಿ..."

ನಾನು ಅವನನ್ನು ಒಂದು ನೋಟ ನೋಡಿದೆ. ಅಂಗಡಿಯವನು ಅಂಗಡಿಯವನಿಗೆ ಬುದ್ಧಿ ಹೇಳಬಾರದು ಎಂಬ ನೋಟ! ಅವನು ತೆಪ್ಪಗೆ ಟ್ಯೂಬು ಕೊಟ್ಟ.

ಹಚ್ಚಿದೆ. ಮರುದಿನ ನೋಡಿದರೆ ಕೆಂಪು ಇಳಿದಿತ್ತು! ತುರಿಕೆ ಕೂಡ ಇರಲಿಲ್ಲ. ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಅಂದು ಹತ್ತಿರದ ನಾರ್ವ ಊರಿನಿಂದ ಹತ್ತಿಗೆ ಔಷಧ ಕೇಳಿಕೊಂಡು ಬಂದಿದ್ದ ರೈತನೊಬ್ಬನನ್ನು ಕೂರಿಸಿಕೊಂಡು, ಚಹಾ ಕುಡಿಸಿ, ಮಗಳ ಮೂಗಿನ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದೆ. ಪಾಪ, ಅವನ ಬಸ್ಸು ತಪ್ಪಿತು.

ಆದರೆ ಕಥೆಗೆ ಅಂತ್ಯ ಇನ್ನೂ ಬಂದಿರಲಿಲ್ಲ. ಒಂದೆರಡು ದಿನ ಕಳೆಯುವುದರಲ್ಲಿ ಹಳೆಯ ಗುಳ್ಳೆ ಅಗಲವಾಯಿತು. ತುಟಿಯ ಪಕ್ಕ ಒಂದು, ಗಲ್ಲದ ಮೇಲೆ ಇನ್ನೊಂದು, ಆಮೇಲೆ ಮೊಣಕೈ ಹತ್ತಿರ ಮತ್ತೊಂದು ಎದ್ದವು. ಎಲ್ಲದರ ಮೇಲೂ ಅದೇ ಜೇನುಬಣ್ಣದ ಹಕ್ಕಳೆ.

"ಏನ್ರೀ, ನಿಮ್ಮ ಫಂಗಸ್ ಊರು ಕಟ್ಟಾಕ ಹತ್ತೈತಲ್ಲ?" ಎಂದಳು ಗಿರಿಜಾ.

ಒಬ್ಬ ಅನುಭವಿ ಎಂದೂ ತನ್ನ ತಪ್ಪನ್ನು ಒಪ್ಪುವುದಿಲ್ಲ. ರೋಗವನ್ನೇ ಬದಲಾಯಿಸುತ್ತಾನೆ.

"ಫಂಗಸ್ ಹೋತು. ಇದು ಬ್ಯಾರೆ. ಅಲರ್ಜಿ! ಮನ್ಯಾಗ ನಂಜಿನ ಪದಾರ್ಥ ಬಂದ್. ಮೊದಲು ಬದನೆಕಾಯಿ ಬಂದ್. ಶೇಂಗಾ ಚಟ್ನಿ ಬಂದ್."

ನಮ್ಮ ಮನೆಯಲ್ಲಿ ಬದನೆಕಾಯಿ ಇಲ್ಲದ ವಾರ ಎಂದರೆ ದೇವರಿಗೆ ದೀಪ ಹಚ್ಚದ ವಾರವಿದ್ದಂತೆ. ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಪಲ್ಲು ಬದನೆಕಾಯಿ ತಿಂತಾಳೇನ್ರೀ?"

ನಾನು ಯೋಚಿಸಿದೆ. ಪಲ್ಲವಿ ಹುಟ್ಟಿದಾಗಿನಿಂದ ಬದನೆಕಾಯಿ ಬಾಯಿಗಿಟ್ಟವಳಲ್ಲ. ತಟ್ಟೆಯಲ್ಲಿ ಕಂಡರೆ ತಟ್ಟೆಯನ್ನೇ ನೂಕುತ್ತಾಳೆ.

"ತಿನ್ನಂಗಿಲ್ಲ. ಖರೆ. ಆದ್ರ ವಾಸನಿ ಹೋಗ್ತೈತಲ್ಲ ಮೂಗಿಗೆ!"

ಇಷ್ಟು ಹೇಳಿ ಅಂಗಡಿಗೆ ನಡೆದೆ. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಅನ್ನ, ಮೊಸರು. ಬದನೆಕಾಯಿ ತಿನ್ನದ ಒಬ್ಬಳ ಅಲರ್ಜಿಗಾಗಿ ತಿನ್ನುವ ಇಬ್ಬರು ಉಪವಾಸ!

ಗುಳ್ಳೆಗಳಿಗೆ ಇದರಿಂದ ಯಾವ ಬೇಸರವೂ ಆದಂತೆ ಕಾಣಲಿಲ್ಲ. ಅವು ಒದ್ದೆಯಾಗಿ ಸೋರುತ್ತಲೇ ಇದ್ದವು. ಸೋರುವುದನ್ನು ಒಣಗಿಸಬೇಕು ಎಂಬ ಹೊಸ ಸಿದ್ಧಾಂತ ಹೊಳೆಯಿತು. ದೇವರ ಮನೆಯಲ್ಲಿ ವಿಭೂತಿ ಇತ್ತು, ಅಡುಗೆ ಮನೆಯಲ್ಲಿ ಅರಿಶಿಣ ಇತ್ತು. ಎರಡನ್ನೂ ಕಲಸಿ ಮಗಳ ಮುಖಕ್ಕೂ ಕೈಗೂ ದಪ್ಪಗೆ ಮೆತ್ತಿದೆ. ಗಿರಿಜಾ ಆಗ ನೀರು ಹಿಡಿಯುತ್ತಿದ್ದಳು, ನೋಡಲಿಲ್ಲ. ನಾನೇ ಬೈಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದೆ.

ಅಂಗಡಿ ಬಾಗಿಲು ತೆಗೆಯುವುದರೊಳಗೆ ಶಾಲೆಯಿಂದ ಫೋನು. ಟೀಚರ್ ತೆಲುಗಿನಲ್ಲಿ ಬಹಳ ಮೆತ್ತಗೆ ಕೇಳಿದರು.

"ಸಾರ್, ಪಾಪಕು ಅಮ್ಮವಾರು ಪೋಸಿಂದಾ?"

ಮಗುವಿಗೆ ಅಮ್ಮ ಬಂದಿದೆಯಾ ಎಂದು. ಅಮ್ಮ ಎಂದರೆ ಮೈಮೇಲೆ ನೀರುಗುಳ್ಳೆ ಏಳುವ ಸೀತಾಳೆ ಸಿಡುಬು. ಚಿಕನ್ ಪಾಕ್ಸ್.

"ಲೇದು ಮೇಡಂ, ಲೇದು! ಅದಿ ಒಟ್ಟಿ ಅಲರ್ಜಿ!" ಎಂದು ಬೊಬ್ಬೆ ಹಾಕಿದೆ. ಬರೀ ಅಲರ್ಜಿ ಅಂತ. ಅವರು ನಂಬಲಿಲ್ಲ. ಬಂದು ಕರೆದುಕೊಂಡು ಹೋಗಿ ಎಂದರು. ಹೋದರೆ, ಪಲ್ಲವಿ ಶಾಲೆಯ ಗೇಟಿನ ಬಳಿ ಒಂದು ಕುರ್ಚಿಯ ಮೇಲೆ, ಅರಿಶಿಣ ಬಳಿದ ಮುಖದಲ್ಲಿ, ಸಣ್ಣ ಗ್ರಾಮದೇವತೆಯ ಹಾಗೆ ಕೂತಿದ್ದಳು. ಆಯಾ ದೂರದಿಂದಲೇ ಕೈ ಮುಗಿಯುತ್ತಿದ್ದಳು!

ನಮ್ಮ ಬೈಕು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಎದುರುಮನೆಯ ಅಜ್ಜಿ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, "ಒಗ್ಗರಣಿ ಹಾಕಬ್ಯಾಡ್ರವಾ, ತಾಯಿ ಸಿಟ್ಟಾಗ್ತಾಳ" ಎಂದು ಗಿರಿಜಾಗೆ ಕಟ್ಟಪ್ಪಣೆ ಮಾಡಿ ಹೋಗಿದ್ದರು. ಬದನೆಕಾಯಿಯನ್ನು ನಾನು ನಿಲ್ಲಿಸಿದ್ದೆ, ಒಗ್ಗರಣೆಯನ್ನು ಅಜ್ಜಿ ನಿಲ್ಲಿಸಿದರು. ಅಂಗಡಿಗೆ ಬಂದ ರೈತರು ಹೊರಗೆ ಚಪ್ಪಲಿ ಬಿಟ್ಟು, ರಸ್ತೆಯಿಂದಲೇ ನನಗೂ ನನ್ನ ಯೂರಿಯಾ ಚೀಲಗಳಿಗೂ ನಮಸ್ಕಾರ ಮಾಡಿ, ಪಕ್ಕದ ಅಂಗಡಿಗೆ ಹೋಗಿ ಯೂರಿಯಾ ಕೊಂಡರು.

ಶಮೀಮ್ ಆಪಾ ಹೊಲಿದ ಲಂಗವನ್ನು ತಂದು ಕೊಡಲು ಬಂದವರು ಬೇವಿನ ಸೊಪ್ಪು ನೋಡಿ ಹೊಸ್ತಿಲಲ್ಲೇ ನಿಂತರು. ಇಣುಕಿ ಪಲ್ಲವಿಯ ಮುಖ ನೋಡಿ ಹಣೆ ಚಚ್ಚಿಕೊಂಡರು.

"ಅರೇ ಭಾಯ್, ಬಚ್ಚಿ ಕು ಡಾಕ್ಟರ್ ಕನೆ ಲೇಕೆ ಜಾವ್ ನಾ! ಡಾಕ್ಟರ್ ಕಡೆ ಕರಕೊಂಡು ಹೋಗಬಾರ್ದಾ? ಏನ್ ಹಚ್ಚೀರಿ ಇದು? ಬಿರಿಯಾನಿಗೆ ಮಸಾಲಿ ಹಚ್ಚಿದಂಗ ಹಚ್ಚೀರಲ್ಲ!"

"ಒಣಗಾಕ ಆಪಾ."

"ಕೂಸು ಒಣಗ್ತೈತಿ ಹಿಂಗಾದ್ರ!"

ಈ ಮಾತನ್ನು ಗಿರಿಜಾ ಒಳಗಿನಿಂದ ಕೇಳಿಸಿಕೊಂಡಳು. ಏನೋ ಹೇಳಲು ಹೊರಗೆ ಬರುವುದಕ್ಕೂ ಗದ್ವಾಲದಿಂದ ನನ್ನ ಅತ್ತೆಯ ಫೋನು ಬರುವುದಕ್ಕೂ ಸರಿಹೋಯಿತು. ಮಕ್ತಲ್‌ನಿಂದ ಗದ್ವಾಲಕ್ಕೆ ಬಸ್ಸು ಜೂರಾಲ ಡ್ಯಾಮು ದಾಟಿ ಹೋಗುವುದಕ್ಕೆ ಸಾಕಷ್ಟು ಹೊತ್ತು ಬೇಕು. ಸುದ್ದಿಗೆ ಬೇಡ.

"ಅಳಿಯಂದ್ರ, ಪಲ್ಲುಗ ತಾಯಿ ಬಂದಾಳಂತಲ್ರಿ?"

"ಇಲ್ಲ ಅತ್ತಿ, ಅದು ಅಲರ್ಜಿ..."

"ಹಂಗೆಲ್ಲ ಅನಬಾರ್ದರಿ, ಆಕಿಗೆ ಸಿಟ್ಟು ಬರ್ತೈತಿ. ನೋಡ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ. ತಾಯಿ ಬಂದ ಮನಿಯವರು ಮದುವಿ ಮನಿಗೆ ಬರೋದು ಬ್ಯಾಡ. ಇಲ್ಲಿ ಸಣ್ಣ ಸಣ್ಣ ಕೂಸುಗಳು ಅದಾವ. ಶಿವರಾಜಗ ನಾ ತಿಳಿಸಿ ಹೇಳ್ತೀನಿ. ಗಿರಿಜಾಗ ನೀವು ಹೇಳ್ರಿ."

ಹೇಳುವ ಅಗತ್ಯವಿರಲಿಲ್ಲ. ಫೋನು ಸ್ಪೀಕರಿನಲ್ಲಿತ್ತು.

ಗಿರಿಜಾ ಗೋಡೆಗೆ ತೂಗುಹಾಕಿದ್ದ ಹೊಸ ಸೀರೆಯನ್ನು ತೆಗೆದು, ಮಡಿಕೆ ಮುರಿಯದಂತೆ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆ ಬೀಗದ ಸದ್ದು ನನ್ನ ಎದೆಯೊಳಗೇ ಆದಂತಾಯಿತು.

ಈಗ ಇದು ಚರ್ಮದ ಪ್ರಶ್ನೆಯಾಗಿ ಉಳಿಯಲಿಲ್ಲ, ಮಾನದ ಪ್ರಶ್ನೆಯಾಯಿತು. ಇದು ಅಮ್ಮ ಅಲ್ಲ ಎಂದು ಅತ್ತೆಗೆ ಕಣ್ಣಾರೆ ತೋರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಹಕ್ಕಳೆ ತೆಗೆದರೆ ಕೆಳಗೆ ಹೊಸ ಚರ್ಮ ಇದ್ದೇ ಇರುತ್ತದೆ. ಆ ಚರ್ಮವನ್ನು ವೀಡಿಯೊ ಕಾಲ್‌ನಲ್ಲಿ ತೋರಿಸಿದರೆ ಆಯಿತು! ಗಿರಿಜಾ ಹಿತ್ತಿಲಿಗೆ ಹೋದ ಸಮಯ ನೋಡಿ ಅತ್ತೆಗೆ ಕಾಲ್ ಹಚ್ಚಿದೆ, ಪಲ್ಲವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. "ಕಣ್ಣ ಮುಚ್ಚು ಬಂಗಾರಾ, ಏನೂ ಆಗಂಗಿಲ್ಲ" ಎಂದೆ. ಅವಳು ನನ್ನನ್ನು ನಂಬಿ ಕಣ್ಣು ಮುಚ್ಚಿದಳು.

ಉಗುರಿನಿಂದ ಹಕ್ಕಳೆಯ ಅಂಚು ಎತ್ತಿ ಎಳೆದೆ.

ಅವಳು ಕಿರುಚಿದ ಕಿರುಚು ಬಸ್ ನಿಲ್ದಾಣದವರೆಗೆ ಕೇಳಿರಬೇಕು. ಕೆಳಗೆ ಹೊಸ ಚರ್ಮವಿರಲಿಲ್ಲ. ಹಸಿ ಕೆಂಪು ಮಾಂಸ, ಅದರ ಮೇಲೆ ರಕ್ತ. ಫೋನಿನಲ್ಲಿ ಅತ್ತೆ "ಅಯ್ಯೋ ಶಿವನೇ!" ಎಂದದ್ದು ಕೇಳಿಸಿತು. ಆಮೇಲೆ ಅವರ ಮನೆಯ ಫ್ಯಾನು ಮಾತ್ರ ಕಾಣುತ್ತಿತ್ತು. ಫೋನು ಅವರ ಕೈಯಿಂದ ಬಿದ್ದಿತ್ತು.

ಗಿರಿಜಾ ಓಡಿ ಬಂದು ಮಗಳನ್ನು ಕಿತ್ತುಕೊಂಡಳು. ಪಲ್ಲವಿ ಬಿಕ್ಕುತ್ತ ಅಮ್ಮನ ಭುಜದ ಮೇಲಿಂದ ನನ್ನ ಕಡೆ ನೋಡುತ್ತಿದ್ದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳಬಹುದಿತ್ತು. ಅಪ್ಪ ಹೀಗ್ಯಾಕೆ ಮಾಡಿದ ಎಂದು ಅರ್ಥವಾಗದೆ ನೋಡುತ್ತಿದ್ದಳು. ಈ ಇಡೀ ಪ್ರಕರಣದಲ್ಲಿ ನನಗೆ ನಗು ಬಾರದ ಭಾಗ ಇದೊಂದೇ.

ಬೆಳಿಗ್ಗೆ ಎದ್ದಾಗ ಅವಳ ಮೈ ಬಿಸಿಯಾಗಿತ್ತು. ಮೂಗಿನ ಪಕ್ಕದಿಂದ ಕೆಂಪು ಮೇಲಕ್ಕೆ ಹರಡಿ, ಒಂದು ಕಣ್ಣಿನ ರೆಪ್ಪೆ ಊದಿಕೊಂಡಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಕೈ ಎತ್ತಿದಳು.

"ಹ್ಞೂಂ ಅಂದ್ರ ನೋಡ್ರಿ! ಆಟೋ ಕರೀರಿ. ನಾರಾಯಣಪೇಟಕ್ಕ ಹೋಗೂದು. ಮಕ್ಕಳ ಡಾಕ್ಟರ್ ಕಡೆ."

ಅಂಗಡಿ ಮುಚ್ಚಿ ಆಟೋ ಹತ್ತಿದೆ.

ನಾರಾಯಣಪೇಟೆಯ ಮಕ್ಕಳ ಡಾಕ್ಟರಮ್ಮ ನಡುವಯಸ್ಸಿನವರು. ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದಾಗ ತೆಲುಗಿಗೆ ದಾಟುತ್ತಿದ್ದರು. ಮೊದಲು ಜ್ವರ ನೋಡಿದರು. ಊದಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಕಣ್ಣು ಎಲ್ಲ ಕಡೆ ತಿರುಗುತ್ತದೆಯೇ, ನೋವಿದೆಯೇ, ಸರಿಯಾಗಿ ಕಾಣುತ್ತದೆಯೇ ಎಂದು ಬೆರಳು ಆಡಿಸಿ ಪರೀಕ್ಷಿಸಿದರು. ಹೊಟ್ಟೆ, ಬೆನ್ನು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಇದಕ್ಕ ಇಷ್ಟು ದಿನ ಏನೇನ್ ಹಚ್ಚೀರಿ?"

ನಾನು ಕೆಮ್ಮಿದೆ. "ಗಜಕರ್ಣದ ಮುಲಾಮು..."

"ಮತ್ತ?"

"ಅರಿಶಿಣ."

"ಮತ್ತ?"

"ಸ್ವಲ್ಪ ವಿಭೂತಿ."

"ಟೂತ್‌ಪೇಸ್ಟೂ ಹಚ್ಚಿದ್ದ ಅಪ್ಪ," ಎಂದಳು ಪಲ್ಲವಿ. ಜ್ವರದಲ್ಲೂ ಅವಳ ನೆನಪಿನ ಶಕ್ತಿಗೆ ಯಾವ ಕುಂದೂ ಬಂದಿರಲಿಲ್ಲ. ಗಿರಿಜಾ ನನ್ನ ಕಡೆ ತಿರುಗಿದಳು. ಟೂತ್‌ಪೇಸ್ಟಿನ ವಿಷಯ ಅವಳಿಗೂ ಹೊಸದು!

"ಎಂತ ಪನಿ ಚೇಶಾರಂಡಿ!" ಎಂದರು ಡಾಕ್ಟರಮ್ಮ, ಎಂಥ ಕೆಲಸ ಮಾಡಿದಿರಿ ಎಂದು. ತೆಲುಗು ಬಂದಿತ್ತು. ನಾನು ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದೆ.

"ಮೇಡಂ, ನಾನು ಫಂಗಸ್ ಅಂದ್ಕೊಂಡಿದ್ದೆ."

"ಫಂಗಸ್ ಅಲ್ಲ, ಅಲರ್ಜಿ ಅಲ್ಲ, ಅಮ್ಮನೂ ಅಲ್ಲ. ಅಮ್ಮ ಆದ್ರ ಹೊಟ್ಟಿ, ಬೆನ್ನು, ಮೈತುಂಬ ಗುಳ್ಳಿ ಏಳ್ತಾವ. ಈಕಿ ಬೆನ್ನು ನೋಡ್ರಿ, ಕನ್ನಡಿ ಹಂಗೈತಿ. ಇದು ಬ್ಯಾಕ್ಟೀರಿಯಾದ ಸೋಂಕು. ಮೂಗು, ಬಾಯಿ ಸುತ್ತ ಬರ್ತೈತಿ. ಸೊಳ್ಳಿ ಕಚ್ಚಿದ್ದು ಕೆರಕೊಂಡ್ರ ಚರ್ಮ ಬಾಯಿ ಬಿಡ್ತೈತಿ, ಅಲ್ಲಿಂದ ಒಳಗ ಹೋಗ್ತೈತಿ. ಜೇನುತುಪ್ಪ ಒಣಗಿದಂಗ ಹಳದಿ ಹಕ್ಕಳಿ ಕಂಡ್ರ ಮೊದಲು ಇದೇ ಅಂತ ಅನುಮಾನ ಪಡಬೇಕು. ಮಕ್ಕಳಿಗೆ ಬಾಳ ಸಾಮಾನ್ಯ. ಮೊದಲ ದಿನಾನೇ ಬಂದಿದ್ರ ಒಂದು ಸಣ್ಣ ಮುಲಾಮಿನ್ಯಾಗ ಹೋಗ್ತಿತ್ತು."

"ಆದ್ರ ಗಜಕರ್ಣದ ಮುಲಾಮಿಗೆ ಕೆಂಪು ಇಳಿದಿತ್ತಲ್ರಿ?"

"ಅದ್ರಾಗ ಸ್ಟಿರಾಯ್ಡ್ ಇತ್ತು. ಮ್ಯಾಲಿನ ಕೆಂಪು ಅಡಗಿಸಿ, ಕೆಳಗ ರೋಗಕ್ಕ ಹಾದಿ ಮಾಡಿ ಕೊಡ್ತು."

ನಾರ್ವದ ಆ ರೈತ ನೆನಪಾದ. ನನ್ನ ಮಾತು ಕೇಳಿ ಅವನು ಊರಿಗೆ ಹೋಗಿ ಯಾರ ಮಕ್ಕಳ ಮೂಗಿಗೆ ಏನು ಹಚ್ಚಿದನೋ ಎಂದು ಬೆವರಿದೆ. ಆ ಸಂಜೆಯೇ ಫೋನು ಮಾಡಿ ನನ್ನ ಕಥೆಯನ್ನು ಪೂರ್ತಿ ವಾಪಸು ತೆಗೆದುಕೊಂಡೆ. ಅವನು ಸಮಾಧಾನ ಹೇಳಿದ: "ಇರ್ಲಿ ಬಿಡ್ರಿ, ನಾ ಏನೂ ಹಚ್ಚಿಲ್ಲ. ನೀವು ಅವತ್ತು ಏನ್ ಹೇಳಿದ್ರೋ ನನಗ ಒಂದೂ ತಿಳಿಲಿಲ್ಲ."

ಡಾಕ್ಟರಮ್ಮ ಕುಡಿಯಲು ಸಿರಪ್ಪು, ಹಚ್ಚಲು ಬೇರೆ ಮುಲಾಮು ಬರೆದರು. ನನಗೆ ಹೇಳುವುದು ವ್ಯರ್ಥ ಎಂದು ತಿಳಿದವರಂತೆ ಗಿರಿಜಾಗೆ ಹೇಳಿದರು. ಹಕ್ಕಳೆಯನ್ನು ಎಂದೂ ಕೀಳಬಾರದು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಶುಭ್ರ ಬಟ್ಟೆ ಅದ್ದಿ, ಅದರ ಮೇಲಿಟ್ಟು ನೆನೆಸಿದರೆ ಅದೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಮುಲಾಮು. ಹಚ್ಚುವ ಮೊದಲೂ ಹಚ್ಚಿದ ಮೇಲೂ ಕೈ ತೊಳೆಯಬೇಕು. ಮಗುವಿನ ಉಗುರು ಕತ್ತರಿಸಬೇಕು. ಅವಳ ಟವೆಲ್, ದಿಂಬಿನ ಚೀಲ ಬೇರೆ ಇರಬೇಕು, ಬಿಸಿನೀರಿನಲ್ಲಿ ಒಗೆಯಬೇಕು. ವಾಸಿಯಾದಂತೆ ಕಂಡರೂ ಸಿರಪ್ಪನ್ನು ನಡುವೆ ನಿಲ್ಲಿಸಬಾರದು.

"ಕಣ್ಣಿನ ಬಾವು ನನಗ ಸೇರಿಲ್ಲ. ನಾಳೆ ಮತ್ತ ಕರಕೊಂಡು ಬರ್ರಿ. ಅಷ್ಟರಾಗ ಜ್ವರ ಏರಿದ್ರ, ಕೆಂಪು ಇನ್ನೂ ಹರಡಿದ್ರ, ಕಣ್ಣು ಮುಚ್ಚಿಕೊಂಡ್ರ, ಕೂಸು ಮಂಕಾದ್ರ, ಯಾವ ಹೊತ್ತಾದ್ರೂ ತಡ ಮಾಡಬ್ಯಾಡ್ರಿ, ದವಾಖಾನಿಗೆ ಸೇರಿಸಬೇಕಾಗ್ತೈತಿ. ಮುಂದಿನ ಕೆಲವು ವಾರ ಮಾರಿ ಊದಿದ್ರ, ಉಚ್ಚಿ ಕೆಂಪಾದ್ರೂ ಬರ್ರಿ."

ಗಿರಿಜಾ ಮೆಲ್ಲಗೆ ಕೇಳಿದಳು. "ಮೇಡಂ, ತಮ್ಮನ ಮದುವಿ ಐತ್ರಿ. ಕರಕೊಂಡು ಹೋಗಬಹುದಾ?"

"ಔಷಧ ಶುರುವಾಗಿ ಎರಡು ದಿನ ಆಗ್ಲಿ. ಜ್ವರ ಇರಬಾರ್ದು, ಹೊಸ ಗುಳ್ಳಿ ಏಳಬಾರ್ದು, ಇದ್ದದ್ದು ಒಣಗಿರಬೇಕು. ಹಂಗಾದ್ರ ಧಾರಾಳ ಹೋಗ್ರಿ."

ಗಿರಿಜಾ ಅಲ್ಲಿಂದಲೇ ತಾಯಿಗೆ ಫೋನು ಮಾಡಿ ಡಾಕ್ಟರಮ್ಮನ ಕೈಗೇ ಕೊಟ್ಟಳು. ಅಮ್ಮ ಅಲ್ಲ ಎಂಬ ಮಾತು ನನ್ನ ಬಾಯಿಂದ ಬಂದಾಗ ಸುಳ್ಳಾಗಿತ್ತು. ಅವರ ಬಾಯಿಂದ ಬಂದಾಗ ಒಂದೇ ಸಲಕ್ಕೆ ಸತ್ಯವಾಯಿತು!

ನಾವು ಏಳುತ್ತಿದ್ದಾಗ ಡಾಕ್ಟರಮ್ಮ ನನ್ನ ಮುಖವನ್ನೇ ನೋಡತೊಡಗಿದರು.

"ನಿಮ್ಮ ಮೀಸಿ ಕೆಳಗ ಏನದು?"

"ಏನಿಲ್ಲ ಮೇಡಂ. ಬ್ಲೇಡ್ ತಾಗೈತಿ."

"ಕೂಸಿನ ಟವೆಲ್ ನೀವೂ ಬಳಸ್ತೀರೇನು?"

ಮುಖ ತೊಳೆದು ಕೈಗೆ ಸಿಕ್ಕ ಟವೆಲ್ಲಿನಲ್ಲಿ ಒರೆಸಿಕೊಳ್ಳುವುದು ನನ್ನ ಹುಟ್ಟುಗುಣ. ಡಾಕ್ಟರಮ್ಮ ನನಗೂ ಒಂದು ಮುಲಾಮು ಬರೆದರು. "ಮೀಸಿ ತೆಗೆದು ಹಚ್ಚಿಕೊಳ್ರಿ. ಹಂಗೇ ಹಚ್ಚಿದ್ರ ಚರ್ಮಕ್ಕ ತಾಗಂಗಿಲ್ಲ" ಎಂದರು.

ಮೀಸೆ ತೆಗೆಯುವುದೇ! ಹೆಂಡತಿಯ ತಮ್ಮನ ಮದುವೆಗೆ, ಮನೆಯ ಹಿರಿಯ ಅಳಿಯ, ಮೀಸೆ ಇಲ್ಲದೆ ಹೋಗುವುದೇ! ನಾನು ಕತ್ತು ಅಲ್ಲಾಡಿಸಿ ಹೊರಬಂದೆ.

ಮನೆಯಲ್ಲಿ ಚಿಕಿತ್ಸೆ ಗಿರಿಜಾಳ ಕೈಯಲ್ಲಿ ನಡೆಯಿತು. ಭೂತಗನ್ನಡಿ ಮುಟ್ಟಲು ನನಗೆ ಅನುಮತಿ ಇರಲಿಲ್ಲ. ಟವೆಲ್ ಒಗೆಯುವ ಖಾತೆಯನ್ನು ಮಾತ್ರ ನನಗೆ ವಹಿಸಲಾಯಿತು. ಬೆಚ್ಚಗಿನ ಬಟ್ಟೆ ಇಟ್ಟಾಗ ಪಲ್ಲವಿ ಮೊದಮೊದಲು ಹೆದರಿ ಅಮ್ಮನ ಕೈ ಹಿಡಿದಳು. ಆಮೇಲೆ ಹಕ್ಕಳೆ ನೋವಿಲ್ಲದೆ ತಾನೇ ಬಟ್ಟೆಗೆ ಬಂದಾಗ, "ಅಪ್ಪಾ ನೋಡು, ಅಮ್ಮ ಎಳೀಲೇ ಇಲ್ಲ, ಅದೇ ಬಂತು!" ಎಂದು ನನಗೆ ತೋರಿಸಿದಳು. ನಾನು ಟವೆಲ್ ಹಿಂಡುತ್ತ, "ಹೌದವಾ, ಅಮ್ಮ ಶಾಣ್ಯಾಕಿ" ಎಂದೆ. ಮರುದಿನ ಮತ್ತೆ ತೋರಿಸಿಕೊಂಡು ಬಂದೆವು. ಜ್ವರ ಬಿಟ್ಟಿತ್ತು, ಕಣ್ಣಿನ ಬಾವು ಇಳಿಯುತ್ತಿತ್ತು. ಮದುವೆ ಹತ್ತಿರವಾಗುವ ಹೊತ್ತಿಗೆ ಅವಳ ಮುಖದಲ್ಲಿ ತೆಳು ಗುಲಾಬಿ ಗುರುತು ಬಿಟ್ಟರೆ ಏನೂ ಇರಲಿಲ್ಲ. ಬೀರುವಿನ ಬೀಗ ತೆರೆಯಿತು. ಎದುರುಮನೆಯ ಅಜ್ಜಿ ಬಂದು ಬೇವಿನ ಸೊಪ್ಪು ಬಿಚ್ಚುತ್ತ, "ನಾ ಕಟ್ಟಿದ್ದಕ್ಕ ಹೋತು ನೋಡವಾ" ಎಂದರು. ನಾವು ವಾದಿಸಲಿಲ್ಲ. ಅಂದು ನಮ್ಮ ಮನೆಯಲ್ಲಿ ಬದನೆಕಾಯಿ ಪಲ್ಯ, ಅದಕ್ಕೆ ಎರಡು ಸಲ ಒಗ್ಗರಣೆ!

ಇನ್ನು ನನ್ನ ವಿಷಯ. ನಾನು ಮೀಸೆ ತೆಗೆಯದೆ ಮುಲಾಮು ಹಚ್ಚಿಕೊಂಡೆ. ಮುಲಾಮು ಮೀಸೆಗೆ ಹತ್ತಿತು. ಮೀಸೆ ಬಹಳ ಆರೋಗ್ಯವಾಗಿ ಹೊಳೆಯಿತು. ಕೆಳಗಿನ ಚರ್ಮಕ್ಕೆ ಅದರ ಸುದ್ದಿಯೇ ತಲುಪಲಿಲ್ಲ! ಮದುವೆಯ ಹಿಂದಿನ ದಿನ ಒಳಗಿನಿಂದ ಹಳದಿ ಹಕ್ಕಳೆ ಮೇಲೆದ್ದು, ಮೀಸೆಯ ಕೂದಲನ್ನು ಅಂಟಿಸಿ ನಿಲ್ಲಿಸಿತು. ಗಿರಿಜಾ ಕತ್ತರಿ ತಂದು ಮುಂದಿಟ್ಟಳು. ನಾನು ಮೀಸೆ ತೆಗೆದೆ. ಕನ್ನಡಿಯಲ್ಲಿ ಯಾರೋ ಅಪರಿಚಿತ, ಮೇಲ್ತುಟಿಯ ತುಂಬ ಹುಣ್ಣು ಇಟ್ಟುಕೊಂಡು ನನ್ನನ್ನು ದಿಟ್ಟಿಸುತ್ತಿದ್ದ.

"ನಾ ಮನ್ಯಾಗೇ ಇರ್ತೀನಿ. ನೀವು ಹೋಗಿ ಬರ್ರಿ," ಎಂದೆ.

"ಅಷ್ಟು ಸುಲಭಾನಾ? ಒಬ್ಬನೇ ತಮ್ಮನ ಮದುವಿಗೆ ಗಂಡ ಬರ್ಲಿಲ್ಲ ಅಂತ ಜನರ ಬಾಯಾಗ ನಾ ಬೀಳಲಾ? ಮಾಸ್ಕ್ ಹಾಕ್ಕೊಂಡು ಬರ್ರಿ. ಹೊರಗ ದೂರ ಕುಂದರ್ರಿ. ಯಾವ ಕೂಸನ್ನೂ ಎತ್ಕೋಬ್ಯಾಡ್ರಿ, ಯಾರ ಟವೆಲ್ಲೂ ಮುಟ್ಟಬ್ಯಾಡ್ರಿ."

ಗದ್ವಾಲದ ಮದುವೆ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೊಸ ಲಂಗ ಉಟ್ಟ ಪಲ್ಲವಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಎತ್ತಿ ಅಪ್ಪಿಕೊಂಡರು. ಗಿರಿಜಾಳನ್ನು ಶಿವರಾಜ ಬಂದು ಕೈ ಹಿಡಿದು ಒಳಗೆ ಕರೆದೊಯ್ದ. ಅಕ್ಕ ತಮ್ಮ ಇಬ್ಬರೂ ಅಳುತ್ತಿದ್ದರು. ನಾನು ನಗುತ್ತ ಒಂದು ಹೆಜ್ಜೆ ಮುಂದಿಟ್ಟೆ.

"ಅಳಿಯಂದ್ರ," ಎಂದರು ಅತ್ತೆ, ಬಹಳ ಗೌರವದಿಂದ, "ನೀವು ಅಲ್ಲೇ ಇರ್ರಿ."

ಅಲ್ಲೇ ಎಂದರೆ ಪೆಂಡಾಲಿನ ಹೊರಗೆ, ಜನರೇಟರಿನ ಪಕ್ಕ. ನನಗೊಂದು ಪ್ರತ್ಯೇಕ ಕುರ್ಚಿ, ಪ್ರತ್ಯೇಕ ಎಲೆ, ಪ್ರತ್ಯೇಕ ನೀರಿನ ಬಾಟಲಿ. ತಾಳಿ ಕಟ್ಟುವಾಗ ಎಲ್ಲರೂ ಅಕ್ಷತೆ ಹಾಕಿದರು. ನನ್ನ ಅಕ್ಷತೆ ಗಾಳಿಗೆ ವಾಪಸು ಬಂದು ನನ್ನ ತಲೆಯ ಮೇಲೆಯೇ ಬಿತ್ತು.

ಊಟಕ್ಕೆಂದು ಮಾಸ್ಕ್ ಇಳಿಸಿ ಕೂತಿದ್ದಾಗ ಹೆಣ್ಣಿನ ಕಡೆಯ ಒಬ್ಬರು, ಶಾಂತಿನಗರದವರಂತೆ, ಹೆಂಡತಿಯ ಜೊತೆ ನೆರಳು ಹುಡುಕುತ್ತ ಬಂದು ತುಸು ದೂರದಲ್ಲಿ ಕೂತರು. ಆಕೆಯ ಮಡಿಲಲ್ಲಿ ಒಂದು ಪುಟ್ಟ ಹೆಣ್ಣುಮಗು. ಅದರ ಮೊಣಕಾಲ ಮೇಲೆ ಕೆಂಪು ಗುಳ್ಳೆಗಳು, ಒಂದರ ಮೇಲೆ ಹಕ್ಕಳೆ. ಅವರು ನನ್ನನ್ನು ಮಾತಿಗೆಳೆದರು.

"ಏನ್ ಮಾಡ್ತೀರಿ ಅಣ್ಣಾ?"

"ಮಕ್ತಲ್‌ದಾಗ ಅಂಗಡಿ ಐತ್ರಿ. ಬೀಜ, ಔಷಧ."

"ಔಷಧದ ಅಂಗಡಿನಾ? ಚಲೋ ಆತು! ನಮ್ಮ ಕೂಸಿನ ಕಾಲು ನೋಡ್ರಿ ಸ್ವಲ್ಪ. ಏನಿರಬಹುದು ಇದು? ಏನ್ ಹಚ್ಚಬೇಕು?"

ನಾನು ನೋಡಿದೆ. ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳತೊಡಗಿತು. ಕಷ್ಟಪಟ್ಟು ತೆರೆದೆ.

"ನನಗ ಗೊತ್ತಿಲ್ಲರಿ," ಎಂದೆ. "ಏನೂ ಹಚ್ಚಬ್ಯಾಡ್ರಿ. ಮಕ್ಕಳ ಡಾಕ್ಟರಿಗೆ ತೋರಸ್ರಿ. ಇವತ್ತೇ ತೋರಸ್ರಿ."

ನನ್ನ ಜೀವಮಾನದಲ್ಲಿ ನಾನು ಕೊಟ್ಟ ಅತ್ಯಂತ ಸರಿಯಾದ ಸಲಹೆ ಅದು. ಅವರು ನನ್ನ ಬೋಳು ತುಟಿಯನ್ನೂ ಅದರ ಮೇಲಿನ ಹುಣ್ಣನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿ ಎದ್ದು, ಹೆಂಡತಿಗೆ ಮೆಲ್ಲಗೆ, ಆದರೆ ನನಗೂ ಕೇಳುವಂತೆ ಹೇಳಿದರು:

"ಪಾಪ, ಇವರಿಗೇನೂ ತಿಳಿಯಂಗಿಲ್ಲ. ನಡಿ, ಒಳಗ ಯಾರನ್ನರ ತಿಳದವರನ್ನ ಕೇಳೋಣು."